ಭದ್ರವಾದ ಕೆಲಸವನ್ನು ಎಲ್ಲಿ ಹುಡುಕೋಣ?

2022ರ ಮೇ 1 ಆದಿತ್ಯವಾರವಾಗಿತ್ತು. ಶ್ರಮಿಕರ ಪಾಲಕರಾದ ಸಂತ ಜೋಸೆಫರ ಸ್ಮರಣೆಯ ಆ ದಿನ, ಬಲಿಪೂಜೆಯ ಕೊನೆಯಲ್ಲಿ ದುಡಿಮೆಯ ಉಪಕರಣಗಳನ್ನು ಆಶೀರ್ವದಿಸುವ ರೂಢಿ ನಮ್ಮ ಧರ್ಮಕೇಂದ್ರದಲ್ಲಿದೆ. ಬಡಗಿಯು ಉಳಿಯನ್ನು, ಗಾರೆ ಕೆಲಸದವನು ಕರಣೆಯನ್ನು, ದರ್ಜಿಯು ಕತ್ತರಿಯನ್ನು, ಮಲ್ಲಿಗೆ ಬೆಳೆಸುವ ತಾಯಂದಿರು ಹೂ ಕಟ್ಟುವ ಬಾಳೆನಾರನ್ನು ತಂದು ಪೀಠದ ಮುಂದಿನ ಮೇಜಿನ ಮೇಲಿಡುತ್ತಾರೆ. ಎರಡು ವರ್ಷಗಳ ಕೋವಿಡ್ ನಿರ್ಬಂಧದ ತರುವಾಯ ಆ ಬಾರಿ ಮೇಜು ಮತ್ತೆ ತುಂಬಿತ್ತು. ಪವಿತ್ರ ಜಲವನ್ನು ಪ್ರೋಕ್ಷಿಸುತ್ತ ನಾವು ಬಾಗಿಲ ತನಕ ಬಂದಾಗ, ಮುಖಮಂಟಪದ ಕಂಬಕ್ಕೊರಗಿ ನಿಂತಿದ್ದ ಒಬ್ಬರು ಕಣ್ಣಿಗೆ ಬಿದ್ದರು. ವಯಸ್ಸು ನಲವತ್ತು ದಾಟಿತ್ತು. ಕೊಲ್ಲಿ ರಾಷ್ಟ್ರವೊಂದರಲ್ಲಿ ಹನ್ನೊಂದು ವರ್ಷ ಕಂಪನಿಯ ದಾಸ್ತಾನು ಮಳಿಗೆಯ ಲೆಕ್ಕ ನೋಡಿಕೊಂಡಿದ್ದವರು ಅವರು. 2020ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. ಕೊನೆಯ ನಾಲ್ಕು ತಿಂಗಳ ಸಂಬಳ ಕೈಸೇರದೆಯೇ ಊರಿಗೆ ಮರಳಿದರು.

"ಯಾಕೆ ಒಳಗೆ ಬರಲಿಲ್ಲ?" ಎಂದು ಕೇಳಿದೆವು.

"ಎಲ್ಲರೂ ಏನಾದರೊಂದು ತಂದಿದ್ದಾರೆ ಫಾದರ್. ನನ್ನ ಕೈಯಲ್ಲಿ ಏನುಂಟು ತರಲಿಕ್ಕೆ?" ಎಂದರು.

ಕೂಡಲೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ದುಡಿಮೆಯ ಅರ್ಥವನ್ನು ಕುರಿತು ಪ್ರಬಂಧಗಳನ್ನೇ ಬರೆದಿದ್ದೆವು. ಆ ಒಂದು ಪ್ರಶ್ನೆಯ ಮುಂದೆ ಅವುಗಳಲ್ಲಿ ಯಾವುದೂ ನೆರವಿಗೆ ಬರಲಿಲ್ಲ. ಅಂದಿನಿಂದ ನಮ್ಮನ್ನು ಕಾಡಿದ ಆ ಪ್ರಶ್ನೆಗೆ ತಡವಾಗಿಯಾದರೂ ಒಂದು ಉತ್ತರವನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ. ಏಕೆಂದರೆ ಈ ಪ್ರಶ್ನೆ ಆ ಒಬ್ಬರದಲ್ಲ. ಮನೆಮನೆಯ ಆಶೀರ್ವಾದಕ್ಕೆಂದು ಹೋದಲ್ಲೆಲ್ಲ ತಂದೆತಾಯಂದಿರು ಮೊದಲು ಕೇಳುವ ಪ್ರಾರ್ಥನೆ ಒಂದೇ: "ಮಕ್ಕಳಿಗೆ ಒಂದು ಭದ್ರವಾದ ಕೆಲಸ ಆಗಬೇಕು ಫಾದರ್."

ಭದ್ರವೆಂದು ನಂಬಿದ್ದವು

ಭದ್ರವಾದ ಕೆಲಸವೆಂದರೆ ಯಾವುದು? ಪ್ರತಿಯೊಂದು ತಲೆಮಾರೂ ಇದಕ್ಕೆ ತನ್ನದೇ ಆದ ಉತ್ತರವನ್ನಿಟ್ಟುಕೊಂಡಿತ್ತು. ಪ್ರತಿಯೊಂದು ತಲೆಮಾರಿನ ಉತ್ತರವನ್ನೂ ಕಾಲವು ಪರೀಕ್ಷೆಗೊಡ್ಡಿತು.

ಕೋಲಾರದ ಚಿನ್ನದ ಗಣಿಯನ್ನೇ ನೋಡಿರಿ. 1880ರ ದಶಕದಲ್ಲಿ ಬ್ರಿಟಿಷ್ ಕಂಪನಿಯ ಕೈಯಲ್ಲಿ ಬೃಹತ್ತಾಗಿ ಬೆಳೆದ ಆ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ತಂದೆಯ ಬಳಿಕ ಮಗ, ಮಗನ ಬಳಿಕ ಮೊಮ್ಮಗ ಎಂಬಂತೆ ಕುಟುಂಬಗಳು ಅಲ್ಲಿ ದುಡಿದವು. ಮನೆ, ಆಸ್ಪತ್ರೆ, ವಿದ್ಯುತ್ತು ಎಲ್ಲವೂ ಗಣಿಯದೇ. ಆ ಊರಿನ ದೇವಾಲಯಗಳ ಗಂಟೆಗೂ ಗಣಿಯ ಪಾಳಿಯ ಸೈರನ್ನಿಗೂ ನಂಟಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಆ ಊರಿನ ಸಾವಿರಾರು ಜನ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆ ಸೇರುವವರಾದರು. ನಮ್ಮ ಘಟ್ಟದ ಮೇಲಿನ ಕುದುರೆಮುಖದ ಕಥೆಯೂ ಅಷ್ಟೇ. 1976ರಲ್ಲಿ ಕಂಪನಿ ಸ್ಥಾಪನೆಯಾದಾಗ ಕೇಂದ್ರ ಸರಕಾರದ ಉದ್ಯಮವೆಂಬ ಭರವಸೆಯಿಂದ ಎಷ್ಟೋ ಕುಟುಂಬಗಳು ಮಳೆಕಾಡಿನ ನಡುವಿನ ಆ ನಗರಕ್ಕೆ ಹೋಗಿ ನೆಲೆಸಿದವು. ಕಾಡನ್ನೂ ನದಿಮೂಲಗಳನ್ನೂ ಉಳಿಸುವ ಸಲುವಾಗಿ ಸರ್ವೋಚ್ಚ ನ್ಯಾಯಾಲಯವಿತ್ತ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಆದೇಶ ನ್ಯಾಯವಾದುದೇ. ಆದರೂ ಮಕ್ಕಳ ಶಾಲೆಯನ್ನು ನಡುವೆಯೇ ಬಿಡಿಸಿ ಸಾಮಾನು ಕಟ್ಟಿದ ಮನೆಯವರ ಕಣ್ಣೀರೂ ನಿಜವಾದುದೇ.

ನಮ್ಮ ಕರಾವಳಿಗೆ ಬ್ಯಾಂಕುಗಳ ತವರೆಂಬ ಹೆಸರಿದೆ. ಬ್ಯಾಂಕಿನ ನೌಕರಿಯೆಂದರೆ ಬಂಡೆಯಂಥದು ಎಂಬುದು ನಮ್ಮ ಹಿರಿಯರ ಮಾತು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಸಾರ್ವಜನಿಕ ಬ್ಯಾಂಕುಗಳಿಂದ ಲಕ್ಷದಷ್ಟು ಮಂದಿ ಹೊರನಡೆದರು. 2019ರಲ್ಲಿ ವಿಜಯ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಹಾಗೂ ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ನಾವು ಚಿಕ್ಕಂದಿನಲ್ಲಿ ಓದುತ್ತಿದ್ದ ನಾಮಫಲಕಗಳೇ ಮರೆಯಾದವು. ಸರಕಾರಿ ನೌಕರಿಗೆ ಸೇರಿದರೆ ಸಾಯುವ ತನಕ ನಿವೃತ್ತಿ ವೇತನ ಎಂಬ ಮಾತಿತ್ತು. 2004ರ ಜನವರಿ 1ರ ಬಳಿಕ ಸೇರಿದ ಕೇಂದ್ರ ನೌಕರರಿಗೂ, 2006ರ ಏಪ್ರಿಲ್ 1ರ ಬಳಿಕ ಸೇರಿದ ನಮ್ಮ ರಾಜ್ಯದ ನೌಕರರಿಗೂ ಹಳೆಯ ನಿವೃತ್ತಿ ವೇತನದ ಬದಲು ತಾವೂ ವಂತಿಗೆ ಕಟ್ಟುವ ಹೊಸ ಪದ್ಧತಿ ಜಾರಿಯಾಯಿತು.

ಕೊಲ್ಲಿ ರಾಷ್ಟ್ರಗಳ ಮಾತನ್ನಂತೂ ಹೇಳುವುದೇ ಬೇಡ. 1990ರಲ್ಲಿ ಕುವೈಟಿನ ಮೇಲೆ ಇರಾಕ್ ದಾಳಿ ಮಾಡಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ತರಬೇಕಾಯಿತು. 2008ರ ಜಾಗತಿಕ ಕುಸಿತದ ಬಳಿಕ ದುಬೈಯ ಕಟ್ಟಡ ಕೆಲಸಗಳು ಸ್ತಬ್ಧವಾದವು. ನೂರು ಡಾಲರಿಗೂ ಮೇಲಿದ್ದ ಕಚ್ಚಾ ತೈಲದ ಬೆಲೆ 2014ರಿಂದ ಇಳಿಯುತ್ತ 2016ರ ಆರಂಭದಲ್ಲಿ ಮೂವತ್ತಕ್ಕೂ ಕೆಳಗೆ ಬಿತ್ತು. ತೈಲದ ಹಣದಿಂದ ನಡೆಯುತ್ತಿದ್ದ ಕಂಪನಿಗಳು ಜನರನ್ನು ಕಳುಹಿಸಿದವು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಬಂದಿಳಿದ ಮೊದಲ ವಿಶೇಷ ವಿಮಾನವನ್ನು ನೆನೆಯಿರಿ. ಅದರಲ್ಲಿಯೂ ಆ ಬಳಿಕದ ವಿಮಾನಗಳಲ್ಲಿಯೂ ಬಂದವರಲ್ಲಿ ಅನೇಕರಿಗೆ ಮರಳಿ ಹೋಗಲು ಕೆಲಸವೇ ಉಳಿದಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ನೌಕರಿಯೇ ಸುರಕ್ಷಿತವೆಂದು ಭಾವಿಸಿದವರೂ 2022 ಹಾಗೂ 2023ರಲ್ಲಿ ವಿಶ್ವದ ದೊಡ್ಡ ದೊಡ್ಡ ಕಂಪನಿಗಳು ಒಂದೇ ಒಂದು ಮಿಂಚಂಚೆಯಿಂದ ಸಾವಿರಾರು ಜನರನ್ನು ಕೈಬಿಟ್ಟುದನ್ನು ಕಂಡರು.

ಇಷ್ಟೆಲ್ಲವನ್ನು ಹೇಳುವುದು ಓದುಗರನ್ನು ಹೆದರಿಸಲೆಂದಲ್ಲ. ಭದ್ರತೆಯನ್ನು ನಾವು ಹುಡುಕುತ್ತಿರುವ ಜಾಗ ಸರಿಯೇ ಎಂದು ಕೇಳಿಕೊಳ್ಳಲು.

ತಂದೆಯವರು ಹಂಚು ತಟ್ಟಿ ನೋಡುತ್ತಿದ್ದರು

ನಮ್ಮ ತಂದೆಯವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಲ್ಲಿ ಹೊಗೆಕೊಳವೆಗಳು ಸಾಲಾಗಿ ಎದ್ದವು. ಹೊಳೆಯ ಜೇಡಿಮಣ್ಣು, ಕಾಡಿನ ಕಟ್ಟಿಗೆ, ಸಾಗಿಸಲು ಬಂದರು, ಈ ಮೂರೂ ಒಂದೆಡೆ ದೊರೆತುದರಿಂದ ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ನಮ್ಮ ಸಮುದಾಯದ ಕೆಲವು ಮನೆತನಗಳು ಕಾರ್ಖಾನೆ ನಡೆಸಿದವು. ಬಹಳಷ್ಟು ಮನೆಗಳವರು ಅವುಗಳಲ್ಲಿ ಕೂಲಿ ಮಾಡಿದರು. ಹಂಚಿನ ಕಾರ್ಖಾನೆಯಲ್ಲಿ ಕೆಲಸವಿದೆಯೆಂದರೆ ಆ ಕಾಲಕ್ಕೆ ಹೆಣ್ಣು ಕೊಡಲು ಹಿಂಜರಿಯುತ್ತಿರಲಿಲ್ಲ.

ಕಾಂಕ್ರೀಟು ತಾರಸಿ ಬಂತು. ಜೇಡಿಮಣ್ಣೂ ಕಟ್ಟಿಗೆಯೂ ದುಬಾರಿಯಾದವು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ತಂದೆಯವರು ಕೆಲಸ ಕಳೆದುಕೊಂಡಾಗ ನಾವು ಪ್ರೌಢಶಾಲೆಯಲ್ಲಿದ್ದೆವು. ಮೊದಲ ಆರು ತಿಂಗಳು ಅವರು ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು, ಬುತ್ತಿ ಕಟ್ಟಿಸಿಕೊಳ್ಳದೆ ಮನೆಯಿಂದ ಹೊರಟು, ಸಂಜೆ ಎಂದಿನ ಹೊತ್ತಿಗೆ ಹಿಂದಿರುಗುತ್ತಿದ್ದರು. ನೆರೆಯವರಿಗೆ ತಿಳಿಯಬಾರದೆಂದು. ಹೊಳೆಬದಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಅಕ್ಕ ಹತ್ತನೆಯ ತರಗತಿಯ ಬಳಿಕ ಓದು ನಿಲ್ಲಿಸಿ ಬೀಡಿ ಕಟ್ಟಲು ಕುಳಿತರು. ನಾವು ಸೆಮಿನರಿಗೆ ಹೊರಟಾಗ ತೊಟ್ಟ ಅಂಗಿ ಆ ಬೀಡಿಯ ಹಣದ್ದು. ಕಷ್ಟವು ಮನುಷ್ಯನನ್ನು ಬೆಳೆಸುತ್ತದೆಂದು ಸುಲಭವಾಗಿ ಪ್ರವಚನ ಮಾಡುವವರನ್ನು ಕಂಡಾಗ ನಮಗೆ ಅಕ್ಕನ ನೆನಪಾಗುತ್ತದೆ.

ಒಂದು ದಿನ ಊರಿನ ಹಿರಿಯರೊಬ್ಬರು ಬಂದು, ಮಳೆಗಾಲಕ್ಕೆ ಮುಂಚೆ ತಮ್ಮ ಮನೆಯ ಮಾಡನ್ನು ನೋಡಿಕೊಡಬೇಕೆಂದು ತಂದೆಯವರನ್ನು ಕರೆದರು. ಹಂಚನ್ನು ಬೆರಳಿನಿಂದ ತಟ್ಟಿದರೆ ಸಾಕು, ಬರುವ ನಾದದಿಂದಲೇ ಅದು ಚೆನ್ನಾಗಿ ಬೆಂದಿದೆಯೇ, ಒಳಗೆ ಬಿರುಕಿದೆಯೇ ಎಂದು ಹೇಳಬಲ್ಲವರಾಗಿದ್ದರು ಅವರು. ಆ ಮಾಡು ಆ ವರ್ಷ ಸೋರಲಿಲ್ಲ. ಮಾತು ಬಾಯಿಂದ ಬಾಯಿಗೆ ಹೋಯಿತು. ಮರುವರ್ಷದಿಂದ ಮಾರ್ಚಿನಿಂದ ಮೇ ಕೊನೆಯ ತನಕ ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಸೋರಿದ ಮನೆಯವರು ಹುಡುಕಿಕೊಂಡು ಬರುತ್ತಿದ್ದರು. ಕಾರ್ಖಾನೆ ಹೋಯಿತು, ಹಂಚಿನ ಅರಿವು ಅವರ ಬೆರಳಲ್ಲಿಯೂ ಕಿವಿಯಲ್ಲಿಯೂ ಉಳಿದಿತ್ತು. ಮೋಸ ಮಾಡದ ಮನುಷ್ಯನೆಂಬ ಹೆಸರು ಊರಲ್ಲಿ ಉಳಿದಿತ್ತು. ಮನೆಯ ಮೇಲೆ ಸಾಲವಿರಲಿಲ್ಲ. ಕರೆಯಲು ಬಂದ ಒಬ್ಬ ನೆರೆಯವರಿದ್ದರು.

ಭದ್ರತೆಯೆಂಬುದು ಹುದ್ದೆಯಲ್ಲಿರುವುದು ಸ್ವಲ್ಪ. ಮನುಷ್ಯನೊಡನೆ ನಡೆದುಬರುವ ಈ ನಾಲ್ಕರಲ್ಲಿರುವುದು ಹೆಚ್ಚು: ಆಳವಾಗಿ ಕಲಿತ ಕಸುಬು, ಗಳಿಸಿದ ನಂಬಿಕೆ, ಸಾಲಮುಕ್ತ ಮನೆ, ಕೈಬಿಡದ ನೆರೆಹೊರೆ. ನಮಗೆ ತಿಳಿದಿರುವ ಉತ್ತರ ಇದು. ಸಂತ ಪೌಲರು ಊರಿಂದೂರಿಗೆ ಹೋದಾಗ ಡೇರೆ ಹೊಲಿಯುವ ಕಸುಬನ್ನು ಜತೆಯಲ್ಲೇ ಒಯ್ದರು. ಕೊರಿಂಥದಲ್ಲಿ ಅದೇ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆ ಅವರಿಗೆ ದುಡಿಮೆಯನ್ನೂ ಆಶ್ರಯವನ್ನೂ ಕೊಟ್ಟಿತು. ಆ ದಂಪತಿಗಳಾದರೋ ರೋಮಿನಿಂದ ಹೊರದಬ್ಬಲ್ಪಟ್ಟು ಬಂದವರು!

ನಾವು ಕೊಟ್ಟ ತಪ್ಪು ಸಲಹೆ

ಇಷ್ಟನ್ನು ಸ್ವಂತ ಮನೆಯಲ್ಲೇ ಕಂಡಿದ್ದ ನಾವು, 2019ರಲ್ಲಿ ಅದನ್ನು ಮರೆತೆವು. ಇದನ್ನು ಬರೆಯಲು ಸಂಕೋಚವಿದೆ; ಬರೆಯದಿದ್ದರೆ ಮೇಲಿನ ಮಾತುಗಳಿಗೆ ಬೆಲೆಯಿಲ್ಲ.

ವಾಣಿಜ್ಯ ಪದವಿ ಮುಗಿಸಿ ಪೇಟೆಯ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಎರಡು ವರ್ಷದಿಂದ ದುಡಿಯುತ್ತಿದ್ದ ಯುವಕನ ತಾಯಿ ನಮ್ಮ ಬಳಿಗೆ ಬಂದರು. ಸಂಬಳ ಕಡಿಮೆ, ಖಾಸಗಿ ಕೆಲಸ, ನಾಳೆಯ ಭರವಸೆಯಿಲ್ಲ. ಮಗ ಬೆಂಗಳೂರಿಗೆ ಹೋಗಿ ಸರಕಾರಿ ಪರೀಕ್ಷೆಗೆ ತಯಾರಿ ಮಾಡಲೆಂದು ಮನೆಯವರ ಆಸೆ. "ನೀವೊಂದು ಮಾತು ಹೇಳಿದರೆ ಅವನು ಕೇಳುತ್ತಾನೆ ಫಾದರ್" ಎಂದರು. ನಾವು ಹೇಳಿದೆವು. ಯುವಕ ಕೆಲಸ ಬಿಟ್ಟ. ತಾಯಿಯ ಬಳೆ ಬ್ಯಾಂಕಿನಲ್ಲಿ ಅಡವಾಯಿತು. 2020ರಲ್ಲಿ ಕೋವಿಡ್ ಬಂದು ಪರೀಕ್ಷೆಗಳು ಮುಂದಕ್ಕೆ ಹೋದವು. 2021ರ ಅಕ್ಟೋಬರಿನಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆ ನಡೆಯಿತು. ಹುದ್ದೆಗಳು 545, ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು. ಅಕ್ರಮ ನಡೆದಿರುವುದು ಬಯಲಾಗಿ 2022ರ ಏಪ್ರಿಲಿನಲ್ಲಿ ನೇಮಕಾತಿ ಪ್ರಕ್ರಿಯೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಬದುಕಿನ ಎರಡು ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ?

ಮರುಪರೀಕ್ಷೆಗಾಗಿ ಆ ಯುವಕ ಕಾಯಲಿಲ್ಲ. 2022ರ ಮಳೆಗಾಲದಲ್ಲಿ ಒಂದು ಸಂಜೆ ಬಂದು ನಮ್ಮೆದುರು ಕುಳಿತ. ದೂರಲಿಲ್ಲ. "ನೀವು ಹೇಳಿದಿರಿ ಅಂತ ಮನೆಯಲ್ಲಿ ಧೈರ್ಯ ಮಾಡಿದರು ಫಾದರ್. ಈಗ ಅದೇ ಕಚೇರಿಗೆ ಹೋದರೆ ನನಗಿಂತ ಚಿಕ್ಕವರ ಕೆಳಗೆ ಕೆಲಸ ಮಾಡಬೇಕು" ಎಂದನಷ್ಟೆ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಹಿಂದಿನದರ ನೆನಪು, ಇತರರಿಂದ ಕಲಿಯುವ ಮನಸ್ಸು, ಮುಂದಾಲೋಚನೆ, ಸುತ್ತಲಿನ ಸನ್ನಿವೇಶದ ಅರಿವು, ಎಚ್ಚರಿಕೆ ಇವನ್ನೆಲ್ಲ ಸೇರಿಸುತ್ತಾರೆ. ಇದನ್ನು ನಾವು ಇತರರಿಗೆ ಪಾಠ ಹೇಳಿದ್ದೇವೆ. ಸಲಹೆ ಕೊಡುವ ಹೊತ್ತಿಗೆ ಸನ್ನಿವೇಶವನ್ನು ನೋಡದೆ, ಹುದ್ದೆಯ ಹೊಳಪನ್ನು ಮಾತ್ರ ನೋಡಿದೆವು. ಸರಕಾರಿ ಪರೀಕ್ಷೆ ಬರೆಯಬಾರದೆಂದು ನಾವು ಹೇಳುತ್ತಿಲ್ಲ. ನಮ್ಮ ಯುವಜನರು ಸರಕಾರಿ ಸೇವೆಯಲ್ಲಿರಬೇಕು, ಅದು ದೇಶಸೇವೆ. ಕೈಯಲ್ಲಿರುವ ಕೆಲಸವನ್ನು ಬಿಡದೆ ಓದಬೇಕಿತ್ತು. ಇಷ್ಟೇ ವರ್ಷ, ಇಷ್ಟೇ ಹಣ ಎಂದು ಮೊದಲೇ ಗಡಿ ಹಾಕಿಕೊಳ್ಳಬೇಕಿತ್ತು. ಈ ಎರಡು ಮಾತನ್ನು ನಾವು ಹೇಳದೆ ಹೋದೆವು.

ಆ ಯುವಕ ಮತ್ತೆ ಲೆಕ್ಕಪತ್ರದ ಕೆಲಸಕ್ಕೇ ಸೇರಿದ. ಜಿಎಸ್‌ಟಿ ಲೆಕ್ಕವನ್ನು ಕಲಿತ. ತನಗಿಂತ ಚಿಕ್ಕವರ ಕೆಳಗೆಯೇ ದುಡಿದ. ಬಳೆ ಬಿಡಿಸಲು ಇನ್ನೂ ಎರಡು ವರ್ಷ ಹಿಡಿಯಿತು.

ಕೊನೆಯ ಗಂಟೆಗೆ ಬಂದವರು

ಕೆಲಸವಿಲ್ಲದವರ ಕುರಿತು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಮನಸ್ಸು ಮಾಡಿದರೆ ಕೆಲಸಕ್ಕೇನು ಬರ?" ಶುಭಸಂದೇಶದ ದ್ರಾಕ್ಷಾತೋಟದ ಸಾಮತಿಯನ್ನು ನೆನೆದರೆ ಈ ಮಾತು ಗಂಟಲಲ್ಲೇ ನಿಲ್ಲಬೇಕು. ತೋಟದ ಯಜಮಾನ ದಿನದ ಕೊನೆಯ ಗಂಟೆಗೆ ಪೇಟೆಬೀದಿಗೆ ಹೋದಾಗಲೂ ಅಲ್ಲಿ ಜನ ನಿಂತೇ ಇದ್ದರು. ಏಕೆ ನಿಂತಿದ್ದೀರೆಂದು ಕೇಳಿದ್ದಕ್ಕೆ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದರು. ಯಜಮಾನ ಆ ಮಾತನ್ನು ನಂಬಿದ. ಸೋಮಾರಿಗಳೆಂದು ಜರೆಯಲಿಲ್ಲ. ಬಿಸಿಲೇರುವ ಮುನ್ನ ಬಂದವರಂತೆಯೇ ಇವರೂ ದಿನವಿಡೀ ಆ ಬೀದಿಯಲ್ಲಿ ನಿಂತು ಬೆಂದಿದ್ದರು. ದುಡಿದು ಅಲ್ಲ, ಕಾದು. ಸಂಜೆ ಅವರಿಗೂ ಒಂದು ದಿನದ ಅನ್ನಕ್ಕಾಗುವಷ್ಟು ಕೂಲಿ ಸಿಕ್ಕಿತು.

ಆರ್ಥಿಕ ಹಿಂಜರಿತವೆಂಬುದು ಒಬ್ಬನ ತಪ್ಪಿನಿಂದ ಬರುವುದಲ್ಲ. ದೂರದೇಶದಲ್ಲಿ ತೈಲದ ಬೆಲೆ ಇಳಿದರೆ, ಅಮೆರಿಕದ ಒಂದು ಬ್ಯಾಂಕು ಮುಳುಗಿದರೆ, ಕಣ್ಣಿಗೆ ಕಾಣದ ರೋಗಾಣು ಹಬ್ಬಿದರೆ ನಮ್ಮ ವಾಳೆಯ ಒಂದು ಮನೆಯ ಒಲೆ ತಣ್ಣಗಾಗುತ್ತದೆ. ನಮ್ಮ ದೇಶದಲ್ಲಿ ದುಡಿಯುವವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಅಸಂಘಟಿತರು. ಕೆಲಸ ನಿಂತ ದಿನವೇ ಅವರ ಕೂಲಿಯೂ ನಿಲ್ಲುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ಕೂಲಿಯ ಪರವಾಗಿ ದನಿಯೆತ್ತಿದರು. ಯುದ್ಧಕಾಲದ ಪೋಲೆಂಡಿನಲ್ಲಿ ಕಲ್ಲುಕೋರೆಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ಕೂಲಿಯಾಗಿ ದುಡಿದಿದ್ದ ಸಂತ ಎರಡನೆಯ ಜಾನ್ ಪೌಲರು 1981ರ 'ಲಾಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ, ಕೆಲಸ ಕಳೆದುಕೊಂಡವರಿಗೆ ಬದುಕಲು ನೆರವು ಸಿಗಬೇಕಾದುದು ಅವರ ಹಕ್ಕೆಂದು ಎತ್ತಿಹಿಡಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು, ಯಂತ್ರಬುದ್ಧಿಯ ಈ ಯುಗದಲ್ಲಿ ದುಡಿಮೆಯ ಘನತೆಯನ್ನು ಕಾಪಾಡಬೇಕಾದ ಹೊಣೆಯನ್ನು ನೆನೆದೇ ಆ ಹೆಸರನ್ನು ಆರಿಸಿಕೊಂಡುದಾಗಿ ತಿಳಿಸಿದರು. ಕೆಲಸ ಕಳೆದುಕೊಂಡವನ ಬೆಲೆ ಕಳೆಯುವುದಿಲ್ಲ ಎಂಬುದೇ ಈ ಎಲ್ಲ ಬೋಧನೆಯ ತಿರುಳು.

ಮನೆಯವರು ಮಾಡಬಹುದಾದದ್ದು

ಬೋಧನೆಯಿಂದ ಅನ್ನ ಬೇಯದು. ಆದುದರಿಂದ ಕುಟುಂಬಗಳಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ನೇರವಾಗಿಯೇ ಹೇಳುತ್ತೇವೆ.

ಮೊದಲನೆಯದು, ಕೆಲಸ ಹೋದ ಸಂಗತಿಯನ್ನು ಮನೆಯಲ್ಲಿ ಮುಚ್ಚಿಡಬೇಡಿರಿ. ನಮ್ಮ ತಂದೆಯವರು ಹೊಳೆಬದಿಯಲ್ಲಿ ಕಳೆದ ಆರು ತಿಂಗಳು ಅವರಿಗೂ ನಮಗೂ ನಷ್ಟವೇ ಆಯಿತು. ಹೆಂಡತಿ ಮಕ್ಕಳೊಡನೆ ಕುಳಿತು, ಇರುವ ಹಣ ಎಷ್ಟು ತಿಂಗಳಿಗೆ ಸಾಕೆಂದು ಲೆಕ್ಕ ಹಾಕಿರಿ. ನಾಚಿಕೆಯಿಂದ ಮಾಡಿದ ಸಾಲ ಬಡತನದಿಂದ ಮಾಡಿದ ಸಾಲಕ್ಕಿಂತ ಬೇಗ ಬೆಳೆಯುತ್ತದೆ.

ಎರಡನೆಯದು, ಸಲ್ಲಬೇಕಾದುದನ್ನು ಕೇಳಿ ಪಡೆಯಿರಿ. ಒಂದು ವರ್ಷ ನಿರಂತರ ದುಡಿದ ಕಾರ್ಮಿಕನನ್ನು ಹೆಚ್ಚಾದನೆಂದು ತೆಗೆಯುವಾಗ ಒಂದು ತಿಂಗಳ ನೋಟೀಸು ಇಲ್ಲವೇ ಆ ತಿಂಗಳ ವೇತನ, ಜತೆಗೆ ದುಡಿದ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂಬುದು ನಮ್ಮ ದೇಶದ ಕಾರ್ಮಿಕ ಕಾನೂನಿನಲ್ಲಿ ಬಹುಕಾಲದಿಂದಿರುವ ನಿಯಮ. ಕಾಯಂ ನೌಕರರಾಗಿ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಯಿಟಿ, ಕಟ್ಟಿದ ಭವಿಷ್ಯ ನಿಧಿ, ಇವೂ ಇವೆ. ಅನುಭವ ಪತ್ರ, ಸಂಬಳದ ಚೀಟಿ, ನೇಮಕಾತಿ ಪತ್ರಗಳನ್ನು ಜೋಪಾನವಾಗಿಡಿರಿ. ಸಹಿ ಹಾಕುವ ಮುನ್ನ ಓದಿರಿ. ತಿಳಿಯದಿದ್ದರೆ ತಿಳಿದವರಿಗೆ ತೋರಿಸಿರಿ.

ಮೂರನೆಯದು, ವಿದೇಶಕ್ಕೆ ಹೊರಡುವವರು 1983ರ ವಲಸೆ ಕಾಯಿದೆಯಡಿ ನೋಂದಾಯಿತನಾದ ಏಜೆಂಟನ ಮೂಲಕವೇ ಹೋಗಿರಿ. ಅಂಥವನು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲಿನ ಜಿಎಸ್‌ಟಿ ಬೇರೆ. ಲಕ್ಷಗಟ್ಟಲೆ ಕೇಳುವವನು ಕಾನೂನು ಮೀರುತ್ತಿದ್ದಾನೆಂದೇ ತಿಳಿಯಿರಿ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಹುಡುಕಿಕೊಳ್ಳಿ ಎನ್ನುವವನ ಮಾತಿಗೆ ಮರುಳಾಗಬೇಡಿರಿ. ಹಾಗೆ ಹೋದವರ ಪರವಾಗಿ ಮಾತಾಡಲು ಅಲ್ಲಿ ಯಾವ ಒಪ್ಪಂದವೂ ಇರುವುದಿಲ್ಲ.

ನಾಲ್ಕನೆಯದು, ಹುದ್ದೆಗಾಗಿ ಲಂಚ ಕೊಡಬೇಡಿರಿ. ಇದು ಪಾಪವೆಂದು ಹೇಳುವುದು ಧರ್ಮಗುರುಗಳ ಕೆಲಸ; ಹೇಳುತ್ತೇವೆ. ಅದಕ್ಕೂ ಮಿಗಿಲಾಗಿ, ಬಳೆ ಅಡವಿಟ್ಟು ರಾತ್ರಿಯಿಡೀ ಓದಿದ ಇನ್ನೊಬ್ಬ ತಾಯಿಯ ಮಗನ ತಟ್ಟೆಯಿಂದ ಆ ಅನ್ನವನ್ನು ಕಿತ್ತುಕೊಂಡಂತೆ. 545 ಹುದ್ದೆಗಳ ಪ್ರಕರಣದಲ್ಲಿ ಆದದ್ದೂ ಇದೇ.

ಐದನೆಯದು, ಕೈಕಸುಬನ್ನು ಕೀಳೆಂದು ಕಾಣಬೇಡಿರಿ. ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಿಂದ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತ ಬಂದಿದೆ. ಮುಂದೆ ದೇಶದ ಜಿಲ್ಲೆಗಳಲ್ಲೆಲ್ಲ ಅದೇ ಮಾದರಿಯ ಸಂಸ್ಥೆಗಳು ಬಂದವು. ನಮ್ಮ ಐಟಿಐಗಳಿವೆ. ಪದವಿಯ ಮೇಲೊಂದು ಕಸುಬು ಕಲಿತರೆ ಪದವಿಗೆ ಅವಮಾನವಿಲ್ಲ.

ಆರನೆಯದು, ಹೇಳಿದರೆ ಕೆಲವರಿಗೆ ಬೇಸರವಾದೀತು. ರೋಸ್ ಸಮಾರಂಭಕ್ಕೆ ಸಭಾಭವನ, ಮದುವೆಗೆ ಇನ್ನೊಂದು ಸಭಾಭವನ, ಎರಡಕ್ಕೂ ಸಾಲ. ಕೆಲಸ ಭದ್ರವಿಲ್ಲದ ಕಾಲದಲ್ಲಿ ಒಂದು ಸಂಜೆಯ ಊಟಕ್ಕೆ ಸುರಿದ ಹಣ ಒಂದು ಮನೆಯ ಒಂದು ವರ್ಷದ ಧೈರ್ಯವಾಗಿತ್ತು ಎಂಬುದನ್ನು ನೆನಪಿಡಿರಿ. ತೆಂಗಿನ ಹಾಲು ಹಚ್ಚಲು ಮನೆಯಂಗಳ ಸಾಕು.

ಧರ್ಮಕೇಂದ್ರದ ಪಾಲು

1912ರಲ್ಲಿ ನಮ್ಮ ಹಿರಿಯರು ಮಂಗಳೂರಿನಲ್ಲಿ ಕಥೋಲಿಕ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಹಕಾರಿ ಸಂಘಗಳ ಕಾಯಿದೆ ಬಂದು ಆಗ ಎಂಟೇ ವರ್ಷವಾಗಿತ್ತು. ಬಡವನಾದವನಿಗೆ ಸಾಲ ಕೊಡಲು ಒಬ್ಬನಿಂದಾಗದಿದ್ದುದು ಹಲವರು ಸೇರಿದರೆ ಆಗುತ್ತದೆಂದು ಅವರು ಅರಿತಿದ್ದರು. ಕೆಲಸದ ವಿಷಯದಲ್ಲಿಯೂ ಇದೇ ಅರಿವು ಬೇಕು.

ಆ ಮೇ ತಿಂಗಳ ಬಳಿಕ ನಮ್ಮ ಗುರಿಕಾರರು ವಾಳೆವಾರು ಎರಡು ಪಟ್ಟಿಗಳನ್ನು ಮಾಡಿದರು. ಒಂದರಲ್ಲಿ, ಯಾರಿಗೆ ಯಾವ ಕೆಲಸ ಗೊತ್ತು; ಇನ್ನೊಂದರಲ್ಲಿ, ಯಾರ ಮನೆಗೆ, ಅಂಗಡಿಗೆ, ತೋಟಕ್ಕೆ ಯಾವ ಕೆಲಸ ಬೇಕು. ಪಕ್ಕದ ವಾಳೆಯಲ್ಲಿ ನಲ್ಲಿ ರಿಪೇರಿಯವನು ಕೆಲಸವಿಲ್ಲದೆ ಕುಳಿತಿರುವಾಗ ನಾವು ಪೇಟೆಯಿಂದ ಕರೆಸುತ್ತಿದ್ದೆವೆಂದು ಆಗ ತಿಳಿಯಿತು. ಮಕ್ಕಳೆಲ್ಲ ಪರದೇಶದಲ್ಲಿದ್ದು ಒಂಟಿಯಾಗಿರುವ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಲು ಜನ ಬೇಕಾಗಿತ್ತು; ಕೇಳಲು ಅವರಿಗೆ ಸಂಕೋಚ, ಹೋಗಲು ಇವರಿಗೆ ಸಂಕೋಚ. ಪಟ್ಟಿಯಲ್ಲಿದ್ದ ಎಲ್ಲರಿಗೂ ಕೆಲಸ ಸಿಕ್ಕಿತೆಂದು ಹೇಳಲಾರೆವು. ಅರ್ಧದಷ್ಟು ಮಂದಿಗೂ ಸಿಗಲಿಲ್ಲ. ಆದರೆ ಕೆಲಸವಿಲ್ಲವೆಂದು ಹೇಳಿಕೊಳ್ಳಲು ಒಂದು ಜಾಗವಾಯಿತು. ಹೊಳೆಬದಿಯಲ್ಲಿ ಕುಳಿತುಕೊಳ್ಳಬೇಕಾದ ಅಗತ್ಯ ತಪ್ಪಿತು.

ಕಂಬಕ್ಕೊರಗಿ ನಿಂತಿದ್ದವರ ಹೆಸರಿನ ಮುಂದೆ ಗುರಿಕಾರರು ಮೊದಲಿಗೆ ಏನನ್ನೂ ಬರೆದಿರಲಿಲ್ಲ. ಅವರೇ "ನನಗೇನೂ ಗೊತ್ತಿಲ್ಲ" ಎಂದಿದ್ದರಂತೆ. ನಾವು ಅವರನ್ನು ಕೂರಿಸಿ, ಹನ್ನೊಂದು ವರ್ಷ ಬೆಳಿಗ್ಗೆಯಿಂದ ಸಂಜೆಯ ತನಕ ಏನು ಮಾಡುತ್ತಿದ್ದಿರೆಂದು ಕೇಳಿದೆವು. ಬಂದ ಸರಕನ್ನು ಎಣಿಸುವುದು, ಹಳೆಯದು ಮೊದಲು ಹೋಗುವಂತೆ ಜೋಡಿಸುವುದು, ಖಾಲಿಯಾಗುವ ಮುನ್ನ ತರಿಸುವುದು, ಕಳವಾಗದಂತೆ ಕಾಯುವುದು. ಹೇಳುತ್ತ ಹೇಳುತ್ತ ಅವರ ದನಿಯೇ ಬದಲಾಯಿತು. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮುಸ್ಲಿಂ ವ್ಯಾಪಾರಿಯೊಬ್ಬರು, ಗೋದಾಮಿನ ಲೆಕ್ಕ ತಪ್ಪುತ್ತಿದೆಯೆಂದು ನಮ್ಮ ಗುರಿಕಾರರೊಬ್ಬರ ಬಳಿ ಹೇಳಿಕೊಂಡಿದ್ದರು. ಇವರು ಅಲ್ಲಿಗೆ ಸೇರಿದರು. ಸಂಬಳ ಅಲ್ಲಿದ್ದುದರ ಮೂರನೆಯ ಒಂದಂಶವೂ ಇರಲಿಲ್ಲ. ಕಾರು ಮಾರಿದರು. ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದರು. ಆ ಅಂಗಡಿ ಎಂದೆಂದಿಗೂ ಇರುತ್ತದೆಯೇ? ಯಾರು ಹೇಳಬಲ್ಲರು! ಆದರೆ ಅದು ಇಲ್ಲದಾದರೂ ತಮಗೆ ಏನು ಬರುತ್ತದೆಂಬುದನ್ನು ಅವರು ಈಗ ಬಲ್ಲರು, ಊರೂ ಬಲ್ಲದು.

2023ರ ಮೇ 1ರಂದು ಅವರು ಒಳಗೆ ಬಂದರು. ಉಳಿ, ಕರಣೆ, ಕತ್ತರಿಗಳ ನಡುವೆ ಗೋದಾಮಿನ ಬೀಗದ ಕೈಗಳ ಗೊಂಚಲನ್ನಿಟ್ಟು ಕೈಮುಗಿದರು. ಅಂದು ಪವಿತ್ರ ಜಲ ಪ್ರೋಕ್ಷಿಸುತ್ತ ಬಾಗಿಲ ತನಕ ಹೋದಾಗ ನಾವು ಮುಖಮಂಟಪದತ್ತ ಮೊದಲು ನೋಡಿದೆವು. ಅಲ್ಲಿ ಬೇರೆ ಇಬ್ಬರು ನಿಂತಿದ್ದರು. ಈ ಬಾರಿ ನಾವು ಉತ್ತರಕ್ಕಾಗಿ ತಡಕಾಡಲಿಲ್ಲ. ಪೂಜೆ ಮುಗಿದ ಬಳಿಕ ಗುರಿಕಾರರು ಪಟ್ಟಿಯ ಪುಸ್ತಕವನ್ನು ಹಿಡಿದು ಅವರ ಬಳಿಗೆ ಹೋದರು.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದ ಮುಖಮಂಟಪದಲ್ಲಿಯೂ ಯಾರಾದರೂ ನಿಂತಿರಬಹುದು. ಮುಂದಿನ ಆದಿತ್ಯವಾರ ಒಮ್ಮೆ ನೋಡಿರಿ. ಅವರನ್ನು "ಈಗ ಏನು ಮಾಡುತ್ತಿದ್ದೀರಿ?" ಎಂದು ಕೇಳಬೇಡಿರಿ. "ನಿಮಗೆ ಯಾವ ಕೆಲಸ ಗೊತ್ತು?" ಎಂದು ಕೇಳಿರಿ.